ಭಾನುವಾರದ ವಂತು

ನಿನ್ನೆ ಮನೆಯ ಸಂಪು ತೊಳೆಸಿದೆವು. ತೊಳೆಯಲು ಬಂದವನು ಧಾರಾಳದ ಮನುಷ್ಯ, ಬ್ಲೀಚಿಂಗ್ ಪೌಡರನ್ನು ಕೈತುಂಬ ಸುರಿದು ಹೋಗಿದ್ದಾನೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಆ ವಾಸನೆ ಮುಖಕ್ಕೇ ಬಡಿಯಿತು. ಕಾಫಿಗೂ ಅದೇ, ಅನ್ನಕ್ಕೂ ಅದೇ. "ಆಸ್ಪತ್ರೆ ವಾಸನೆ ಕಣೇ" ಎಂದು ನಮ್ಮವರು ಲೋಟ ಪಕ್ಕಕ್ಕಿಟ್ಟರು. ನನಗೆ ಆಸ್ಪತ್ರೆ ನೆನಪಾಗಲಿಲ್ಲ. ಮಾಲೂರು ರಸ್ತೆಯ ಒಂದು ಈಜುಕೊಳ ನೆನಪಾಯಿತು. ನಿಮಗೆ ಬಿಡುವಿದ್ದರೆ ಕೂತು ಕೇಳಿ. ಬಿಡುವಿಲ್ಲದಿದ್ದರೂ ಕೂತುಕೊಳ್ಳಿ, ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳನ್ನು ಕೂರಿಸಿ ಕೂರಿಸಿಯೇ ನಿವೃತ್ತಿಯಾದವಳು ನಾನು.

ಇದು ಎಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಶ್ರೀನಿವಾಸಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗಳು ಪದ್ಮ ಎರಡನೇ ಕ್ಲಾಸು, ಮಗ ಗಿರೀಶನಿಗೆ ಇನ್ನೂ ಚಡ್ಡಿ ನಿಲ್ಲದ ವಯಸ್ಸು. ಒಂದು ದಿನ ಹೈಸ್ಕೂಲಿನ ಸ್ಟಾಫ್ ರೂಮಿಗೆ ಬೆಂಗಳೂರಿನಿಂದ ಒಬ್ಬ ಹುಡುಗ ಬಂದನಂತೆ. ಏಪ್ರಿಲ್ ಬಿಸಿಲಲ್ಲಿ ಟೈ ಕಟ್ಟಿಕೊಂಡಿದ್ದನಂತೆ. ಅವನ ಹತ್ತಿರ ಬಣ್ಣದ ಫೋಟೋಗಳ ಆಲ್ಬಂ. ಮಾಲೂರಿನ ಹತ್ತಿರ ಅವರ ಕಂಪನಿಯವರು ತೆಂಗಿನ ತೋಟ, ಕಾಟೇಜು, ಈಜುಕೊಳ ಎಲ್ಲ ಮಾಡಿದ್ದಾರೆ. ಅದರಲ್ಲಿ ವರ್ಷಕ್ಕೆ ಒಂದು ವಾರವನ್ನು ನಾವು ಕೊಂಡುಕೊಳ್ಳಬಹುದು. ಆ ವಾರ ಆ ಕಾಟೇಜು ನಮ್ಮದು, ಮಿಕ್ಕ ವಾರಗಳು ಮಿಕ್ಕವರದು. ನಮ್ಮ ನಂತರ ಮಕ್ಕಳಿಗೂ ಅದೇ ವಾರ. ಕೊಳ್ಳುವ ಮುಂಚೆ ಹೆಂಡತಿ ಮಕ್ಕಳನ್ನು ಕರಕೊಂಡು ಬಂದು ನೋಡಿ, ಕೋಲಾರದ ಬಸ್ ಸ್ಟ್ಯಾಂಡಿನಿಂದ ವ್ಯಾನು, ಅಲ್ಲೇ ಊಟ, ಎಲ್ಲ ಪುಕ್ಕಟೆ.

ಪುಕ್ಕಟೆ ಎಂದ ಮೇಲೆ ಮೇಷ್ಟ್ರುಗಳು ಬಿಡುತ್ತಾರೆಯೇ? ಹೊರಟೆವು.

ಅಲ್ಲಿ ಹೋಗಿ ನೋಡಿದರೆ ತೆಂಗಿನ ಮರಗಳನ್ನು ಬೆಳೆಸಿರಲಿಲ್ಲ, ಎಲ್ಲಿಂದಲೋ ಕಿತ್ತು ತಂದು ನಿಲ್ಲಿಸಿದ್ದರು. ಪ್ರತಿ ಮರಕ್ಕೂ ನಾಲ್ಕು ಕಡೆ ಬಿದಿರಿನ ಊರುಗೋಲು. ಸುತ್ತ ಹೊರಗೆ ನೋಡಿದರೆ ನೀಲಗಿರಿ ತೋಪು, ರಾಗಿ ಹೊಲ, ಕಾಂಪೌಂಡಿನ ಒಳಗೆ ನೋಡಿದರೆ ಸಮುದ್ರದ ಪಕ್ಕದ ಊರು. ಮಧ್ಯದಲ್ಲಿ ನೀಲಿ ಟೈಲ್ಸಿನ ಕೊಳ. ತಳದಲ್ಲಿ ಬಿದ್ದ ಒಂದು ಹೇರ್‌ಪಿನ್ನು ಕೂಡ ಕಾಣುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಅಷ್ಟು ನೀರು ಸುಮ್ಮನೆ, ಯಾವ ಗಿಡಕ್ಕೂ ಹರಿಯದೆ ನಿಂತಿರುವುದನ್ನು ನೋಡಿದರೆ ಮೊದಲು ಹೊಟ್ಟೆ ಉರಿಯುತ್ತದೆ, ಆಮೇಲೆ ಆಸೆಯಾಗುತ್ತದೆ. ನನಗೆ ಎರಡೂ ಒಟ್ಟಿಗೇ ಆಯಿತು.

ಮಕ್ಕಳು ನೀರಿಗೆ ಬಿದ್ದವು. ನಮ್ಮವರು ಪಂಚೆ ಬಿಚ್ಚಿಟ್ಟು, ಹುಡುಗ ಕೊಟ್ಟ ಚಡ್ಡಿ ಹಾಕಿಕೊಂಡು ಇಳಿದರು. ನಾನು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಮೊಣಕಾಲಿನವರೆಗೂ ತಂಪು ಹತ್ತಿತು. ಇನ್ನೊಂದು ಮೆಟ್ಟಿಲು ಇಳಿಯೋಣ ಎಂದು ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಕಾವಲಿನವನು ಸೀಟಿ ಊದಿದ.

"ಮೇಡಂ, ಸೀರೇಲಿ ಇಳಿಯಂಗಿಲ್ಲ. ಕಾಸ್ಟ್ಯೂಮ್ ಹಾಕ್ಕೊಂಬೇಕು."

ನೀವೇ ಹೇಳಿ, ಶ್ರೀನಿವಾಸಪುರದ ಯಾವ ಬಟ್ಟೆ ಅಂಗಡಿಯಲ್ಲಿ ಹೋಗಿ ನಾನು ಅದನ್ನು ಕೇಳಲಿ? ಕೇಳಿದ್ದರೂ, ಮಾರನೇ ದಿನ ಯಾವ ಮುಖ ಇಟ್ಟುಕೊಂಡು ಮಗ್ಗಿ ಹೇಳಿಕೊಡಲಿ? ಕಾಲು ಮೇಲೆಳೆದುಕೊಂಡು, ಮೂರು ಜನರ ಟವೆಲ್ಲು ಮಡಿಲಲ್ಲಿಟ್ಟುಕೊಂಡು ದಂಡೆಯ ಒರಗು ಕುರ್ಚಿಯಲ್ಲಿ ಕೂತೆ.

ಕ್ಯಾಲನೂರಿನಲ್ಲಿ, ನಮ್ಮ ತವರಿನ ಬಾವಿಯ ಕಟ್ಟೆಯ ಮೇಲೆ, ನಾನು ಹೀಗೇ ಕೂರುತ್ತಿದ್ದೆ. ಅಣ್ಣಂದಿರು ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತರು, ಆಮೇಲೆ ಬುರುಡೆ ಬಿಸಾಡಿ ಮೇಲಿಂದ ದುಮುಕಿದರು. ಅವರ ಬಟ್ಟೆ ಕಾಯುವುದು ನನ್ನ ಕೆಲಸ. ನಾನೂ ಬರ್ತೀನಿ ಎಂದರೆ ಅಮ್ಮ, "ಹೆಣ್ಣುಮಗು ನೀರಲ್ಲಿ ಕುಣಿದ್ರೆ ನೋಡ್ದೋರು ಏನಂತಾರೆ" ಎನ್ನುತ್ತಿದ್ದಳು. ನೋಡುವವರು ಅಲ್ಲಿ ಎಮ್ಮೆಗಳು ಮಾತ್ರ. ಆದರೂ ನಾನು ಇಳಿಯಲಿಲ್ಲ. ಬಟ್ಟೆಯಿಂದ ಟವೆಲ್ಲಿಗೆ ಬಡ್ತಿ ಸಿಕ್ಕಿದೆಯಲ್ಲ ಎಂದು ಮಾಲೂರಿನ ಆ ಒರಗು ಕುರ್ಚಿಯಲ್ಲಿ ಕೂತು ನಕ್ಕೆ.

ಊಟವಾದ ಮೇಲೆ ಟೈ ಹುಡುಗ ವಾರದ ಲೆಕ್ಕ ವಿವರಿಸಲು ಕೂತ. ನಮ್ಮವರು ಅವನ ಮಾತು ಮುಗಿಯುವ ಮುಂಚೆಯೇ ಅರ್ಥಮಾಡಿಕೊಂಡು ಬಿಟ್ಟರು. "ಓ, ಇದು ವಂತು!" ಎಂದರು. ವಂತು ಎಂದರೆ ನಮ್ಮ ಕಡೆ ಪಾಲುಬಾವಿಯ ನೀರಿನ ಸರದಿ. ಒಂದು ಬಾವಿಗೆ ಎರಡು ಮೂರು ಮನೆ ಪಾಲುದಾರರು, ಇವತ್ತು ನೀರು ನಿನ್ನ ಹೊಲಕ್ಕೆ, ನಾಳೆ ನನ್ನ ಹೊಲಕ್ಕೆ. ಯಲ್ದೂರಿನಲ್ಲಿ ನಮ್ಮವರ ಅಪ್ಪ ತೋಡಿಸಿದ ಬಾವಿಗೂ ಅಣ್ಣತಮ್ಮಂದಿರ ನಡುವೆ ಹಾಗೇ ವಂತು ಇತ್ತು. ಹುಡುಗನಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು, ತಲೆಯಾಡಿಸಿದ. ಇವರು ಶುರುಮಾಡಿದರು.

"ನಮ್ಮ ವಂತಿನ ದಿನ ಕರೆಂಟ್ ಹೋದ್ರೆ, ಆ ದಿನ ಮುಂದಕ್ಕೆ ಹಾಕಿ ಕೊಡ್ತೀರೋ, ಇಲ್ಲ ಹೋಯ್ತು ಅಂತಲೋ?"

"ಸರ್, ಜನರೇಟರ್ ಇದೆ."

"ಸರಿ. ನಮ್ಮ ಮನೇಲಿ ಸೂತಕ ಆಯ್ತು, ಬರಕ್ಕಾಗಲ್ಲ. ಪಕ್ಕದ ವಂತಿನೋರ ಹತ್ರ ಬಾಯಿಮಾತಲ್ಲಿ ಬದಲಾಯಿಸ್ಕೋಬೋದಾ?"

"ಸರ್, ಅದು ಆಫೀಸಿಗೆ ಬರೆದು..."

"ಹೂಳು ತೆಗೆಯೋದು ಯಾರು?"

ಹುಡುಗ ನೀಲಿ ಕೊಳದ ಕಡೆ ನೋಡಿದ. ಅದರಲ್ಲಿ ಹೂಳು ಎಲ್ಲಿದೆ ಎಂದು ಹುಡುಕುತ್ತಿದ್ದ, ಪಾಪ. ಅವನಿಗೆ ನಮ್ಮಲ್ಲಿ ಭರವಸೆ ಇತ್ತೋ ಏನೋ, ಮುಂದಿನ ತಿಂಗಳು ಕೋಲಾರದ ಹೆದ್ದಾರಿಯ ಪಕ್ಕ ಅವರ ಇನ್ನೊಂದು ಜಾಗಕ್ಕೂ ಕರೆದುಕೊಂಡು ಹೋದ. ಅಲ್ಲಿನ ಕೊಳ ಚಿಕ್ಕದು, ಸಿಮೆಂಟಿನ ಬಂಡೆಯ ಮೇಲಿಂದ ಬೀಳುವ ಸುಳ್ಳು ಜಲಪಾತ ಬೇರೆ. ಅಲ್ಲೂ ಸೀಟಿ, ಅಲ್ಲೂ ಟವೆಲ್ಲು.

ವಾಪಸು ಬರುವಾಗ ವ್ಯಾನಿನಲ್ಲಿ ಗಿರೀಶ ನಿದ್ದೆಹೋದ. ಪದ್ಮ ನನ್ನ ಪಕ್ಕ ಕೂತು ಕೇಳಿದಳು: "ಅಮ್ಮ, ದೊಡ್ಡೋಳಾದ್ಮೇಲೆ ನಾನೂ ಮೇಲೇ ಕೂತ್ಕೋಬೇಕಾ?"

ಮನೆಗೆ ಬಂದು ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ನಮ್ಮವರಿಗೆ ಹೇಳಿಬಿಟ್ಟೆ: "ರೀ, ವಾರ ತಗೊಳ್ಳೋದು ಬಿಡೋದು ನಿಮಗೆ ಬಿಟ್ಟಿದ್ದು. ನನಗೆ ನೀರಿಗಿಳೀಬೇಕು. ಇವಳು ದೊಡ್ಡೋಳಾಗೋಕೆ ಮುಂಚೆ ಇವಳ ಜೊತೇಲೇ ಇಳೀಬೇಕು." ಮದುವೆಯಾದ ಮೇಲೆ ಇವರ ಹತ್ತಿರ ಸೀರೆ ಕೇಳಿದ್ದೇನೆ, ಮಿಕ್ಸಿ ಕೇಳಿದ್ದೇನೆ. ಇಂಥದ್ದು ಕೇಳಿರಲಿಲ್ಲ. ಇವರು ಬೆರಳೆಣಿಸಿ ಏನೋ ಲೆಕ್ಕ ಹಾಕಿದರು. ಆಮೇಲೆ, "ವರ್ಷಕ್ಕೊಂದು ವಾರ ಇಳಿದ್ರೆ ಈಜು ಎಲ್ಲಿ ಬರುತ್ತೆ ಕಣೇ. ನಮ್ಮದೇ ವಂತು ಇದೆಯಲ್ಲ" ಎಂದರು.

ಇಲ್ಲಿಂದ ಮುಂದಕ್ಕೆ ನಮ್ಮ ಕಡೆಯ ಎರಡು ಪದ್ಧತಿ ನಿಮಗೆ ತಿಳಿದಿರಬೇಕು. ಒಂದು, ಕೆಲಸ ಸಿಕ್ಕಿ ಪೇಟೆ ಸೇರಿದ ತಮ್ಮ ತನ್ನ ವಂತನ್ನು ಊರಲ್ಲಿರುವ ಅಣ್ಣನಿಗೆ ಬಿಡುತ್ತಾನೆ. ಬಿಟ್ಟೆ ಎಂದು ಯಾರೂ ಹೇಳುವುದಿಲ್ಲ, ಬರೆಯುವುದೂ ಇಲ್ಲ. ಸುಮ್ಮನೆ ಕೇಳದೆ ಇರುತ್ತಾನೆ, ಅಷ್ಟೆ. ಅದನ್ನು ಅವನು ತಿರುಗಿ ಕೇಳಿದನೆಂದರೆ ಮನೆ ಭಾಗವಾಗಲಿ ಎಂದು ಕೇಳಿದ ಹಾಗೆ. ಎರಡನೆಯದು, ತಮ್ಮನ ಹೆಂಡತಿಯಾದವಳು ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ನಮ್ಮ ಬಾವನಿಗೆ ಮುದ್ದೆ ಬಡಿಸಬೇಕಾದರೆ ನಾನು ಪದ್ಮಳಿಗೆ, "ದೊಡ್ಡಪ್ಪನಿಗೆ ಇನ್ನೊಂದು ಬೇಕಾ ಕೇಳೇ" ಎನ್ನುತ್ತಿದ್ದೆ. ಅವರು ಎರಡೇ ಮಾರು ದೂರದಲ್ಲಿ ಕೂತು, ಪದ್ಮಳಿಗೇ "ಸಾಕು ಅಂತ ಹೇಳಮ್ಮ" ಎನ್ನುತ್ತಿದ್ದರು. ಮದುವೆಯಾಗಿ ಅಷ್ಟು ವರ್ಷವಾದರೂ ನಮ್ಮಿಬ್ಬರ ನಡುವೆ ನೇರವಾಗಿ ಒಂದು ಮಾತೂ ಆಗಿರಲಿಲ್ಲ. ಜಗಳವಿರಲಿಲ್ಲ, ಮರ್ಯಾದೆ ಇತ್ತು.

ಗಣಿತದ ಮೇಷ್ಟ್ರಾದ ನಮ್ಮವರಿಗೆ ಕೂಡುವುದು ಕಳೆಯುವುದು ಚೆನ್ನಾಗಿ ಬರುತ್ತದೆ, ಮಾತಿಗೆ ಪೀಠಿಕೆ ಹಾಕಲು ಬರುವುದಿಲ್ಲ. ಯಲ್ದೂರಿಗೆ ಹೋದೆವು. ಅಣ್ಣತಮ್ಮಂದಿರು ಊಟಕ್ಕೆ ಕೂತಿದ್ದರು. ಇವರು ಮುದ್ದೆ ಮುರಿಯುತ್ತಾ, ಉಪ್ಪು ಕೇಳಿದಷ್ಟು ಸಲೀಸಾಗಿ, "ಅಣ್ಣ, ನನ್ನ ವಂತಿನಲ್ಲಿ ಭಾನುವಾರ ನನಗೆ ಬಿಟ್ಕೊಡು" ಎಂದುಬಿಟ್ಟರು.

ಬಾವನ ಕೈ ನಿಂತಿತು. ತಟ್ಟೆಯಲ್ಲಿ ಅರ್ಧ ಮುದ್ದೆ ಇದ್ದ ಹಾಗೇ ಕೈ ತೊಳೆದುಕೊಂಡರು.

"ಭಾಗ ಬೇಕು ಅಂತ ನೇರವಾಗೇ ಹೇಳೋ. ಭಾನುವಾರ ಗೀನುವಾರ ಯಾಕೆ?"

"ಏಮಿರಾ ಇದಿ, ಏನೋ ಇದು ಅನ್ನದ ಮುಂದೆ ಕೂತ್ಕೊಂಡು!" ಎಂದು ಅತ್ತೆ ಸೆರಗು ಕಣ್ಣಿಗೊತ್ತಿಕೊಂಡರು. ನಮ್ಮವರು "ಅಯ್ಯೋ, ಅದಲ್ಲಣ್ಣ, ಅದಲ್ಲ" ಎಂದು ತಡವರಿಸಿದರು. ಹೆಂಡತಿಗೆ ಈಜು ಕಲಿಸಬೇಕು ಎಂದು ತುಂಬಿದ ಮನೆಯಲ್ಲಿ ಅಣ್ಣನ ಮುಂದೆ ಹೇಳಲು ಅವರಿಗೆ ನಾಚಿಕೆ. ಬಾವ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡರು, ನಾಳೆ ಊರ ಹಿರಿಯರನ್ನು ಕರೆಸುತ್ತೇನೆ ಎಂದರು. ಅಡುಗೆಮನೆಯ ಬಾಗಿಲ ಹಿಂದೆ ನಾನೂ, ನಾನು ಅಕ್ಕ ಎಂದು ಕರೆಯುವ ಬಾವನ ಹೆಂಡತಿಯೂ ನಿಂತಿದ್ದೆವು. ಅಕ್ಕ ನನ್ನ ಮುಖ ನೋಡಿದಳು. ನೀನೇ ಹೇಳಿಕೊಟ್ಟು ಕರೆತಂದಿದ್ದೀಯಾ ಎಂದು ಆ ನೋಟ ಕೇಳುತ್ತಿತ್ತು. ನನ್ನ ಒಂದು ಆಸೆಗೆ ಒಂದು ಮನೆ ಒಡೆಯುವುದಾದರೆ, ನಾನು ಜನ್ಮವೆಲ್ಲ ಟವೆಲ್ಲು ಹಿಡಿದು ಕೂರುವುದೇ ವಾಸಿ ಅನ್ನಿಸಿತು. ಆದರೆ ಸುಮ್ಮನಿದ್ದರೂ ಮನೆ ಒಡೆಯುತ್ತಿತ್ತು.

ನಾನು ಹೊಸಿಲು ದಾಟಿ ಹಜಾರಕ್ಕೆ ಬಂದೆ. ಬಾವನ ಎದುರು ನಿಂತೆ.

"ಬಾವ, ಭಾಗ ಬೇಡ. ಹೊಲಕ್ಕೆ ನೀರೂ ಬೇಡ. ನನಗೆ ಈಜು ಕಲೀಬೇಕು, ಅಷ್ಟೇ."

ಅತ್ತೆ ಸೆರಗು ಇಳಿಸಿ ನನ್ನನ್ನು ನೋಡಿದರು. ಬಾವ ನನ್ನ ಮುಖ ನೋಡಲಿಲ್ಲ. ಕಂಬ ನೋಡಿದರು, ಸೂರು ನೋಡಿದರು, ಕೊನೆಗೆ ತಮ್ಮ ತಾಯಿಯ ಕಡೆ ತಿರುಗಿದರು.

"ಅಮ್ಮ, ಭಾನುವಾರ ಮಧ್ಯಾಹ್ನ ಮೋಟರ್ ಹಾಕಲ್ಲ ಅಂತ ಹೇಳು ಅವಳಿಗೆ. ಗಂಡಸ್ರು ಯಾರೂ ಆ ಕಡೆ ಬರದಂಗೆ ನಾನು ನೋಡ್ಕೋತೀನಿ ಅಂತ ಹೇಳು."

ಹೇಳಿ ಮತ್ತೆ ತಟ್ಟೆಯ ಮುಂದೆ ಕೂತರು. ಆರಿದ ಮುದ್ದೆಯನ್ನೇ ಊಟಮಾಡಿದರು.

ಅವರು ನೋಡಿಕೊಂಡ ರೀತಿ ಹೇಗೆ ಗೊತ್ತೇ? ಬಾವಿಗೆ ಹೋಗುವ ದಾರಿಯಲ್ಲಿ ಒಂದು ಮಾವಿನ ಮರವಿತ್ತು. ಪ್ರತಿ ಭಾನುವಾರ ಅದರ ಬುಡದಲ್ಲಿ ಬಾವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆ ಕಡೆ ಯಾರಾದರೂ ಬಂದರೆ, "ಎಲ್ಲಿಗ್ಲಾ? ಸುತ್ಕೊಂಡ್ ಹೋಗು" ಎಂದು ಗದರುವುದು ನಮಗೆ ಕೇಳಿಸುತ್ತಿತ್ತು. ಒಂದು ದಿನವೂ ಹಿಂದೆ ತಿರುಗಿ ನೋಡಲಿಲ್ಲ. ಬಾವಿಯ ಮೆಟ್ಟಿಲ ಹತ್ತಿರ ನಮ್ಮವರು ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರು, ಪದ್ಮಳಿಗೆ ಚಿಕ್ಕದೊಂದು ಬುರುಡೆ. ಸೀರೆ ಕಚ್ಚೆ ಹಾಕಿಕೊಂಡು ಮೊದಲ ಸಲ ನಾನು ಮೆಟ್ಟಿಲಿನಿಂದ ಕಾಲು ಬಿಟ್ಟಾಗ ನೀರು ಹಸಿರಾಗಿತ್ತು, ಪಾಚಿಯ ವಾಸನೆ ಬರುತ್ತಿತ್ತು, ಬದಿಯ ಕಲ್ಲುಸಂದಿಯಲ್ಲಿ ಕಪ್ಪೆ ಕೂತಿತ್ತು. ನಾನು ಕಿರುಚಿಕೊಂಡೆ. ಮುಳುಗಿದೆ, ನೀರು ಕುಡಿದೆ, ಮೇಲೆ ಬಂದೆ. ಅತ್ತುಬಿಟ್ಟೆ. ಅತ್ತಿದ್ದು ಹೆದರಿ ಅಲ್ಲ, ಖುಷಿಗೆ. ಮೂರನೇ ಭಾನುವಾರವೋ ಏನೋ, ಕಾವಲಿಗೆ ಬಂದಿದ್ದ ಅಕ್ಕ ಬಳೆ ತೆಗೆದು ಕಟ್ಟೆಯ ಮೇಲಿಟ್ಟು, "ನಂಗೂ ಒಂದು ಬುರುಡೆ ಕಟ್ಟೇ, ನೋಡೇಬಿಡೋಣ" ಎಂದಳು.

ಟೈ ಹುಡುಗ ಮತ್ತೊಮ್ಮೆ ಶ್ರೀನಿವಾಸಪುರಕ್ಕೆ ಬಂದ. "ನಮಗೆ ವಾರಕ್ಕೊಂದು ವಂತು ಸಿಕ್ಕಿದೆ ಕಣಪ್ಪ, ಸೀಟಿ ಇಲ್ಲ" ಎಂದು ನಮ್ಮವರು ಕಾಫಿ ಕುಡಿಸಿ ಕಳಿಸಿದರು.

ಆಮೇಲೆ ನಮ್ಮ ಕಡೆಯ ಬಾವಿಗಳಿಗೆಲ್ಲ ಏನಾಯಿತು ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮದರ ನೀರೂ ವರ್ಷ ವರ್ಷ ಒಂದೊಂದೇ ಮೆಟ್ಟಿಲು ಇಳಿಯಿತು. ಕೊನೆಗೆ ತಳದಲ್ಲಿ ಎಕ್ಕದ ಗಿಡ ಬೆಳೆಯಿತು. ಅಷ್ಟರಲ್ಲಿ ಅತ್ತೆಯೂ ಹೋಗಿದ್ದರು, ಬಾವನ ಮಕ್ಕಳು ದೊಡ್ಡವರಾಗಿದ್ದರು, ಭಾಗವೂ ಆಯಿತು. ಜಗಳವಿಲ್ಲದೆ, ಹಿರಿಯರ ಮುಂದೆ, ಅದೇ ಹಜಾರದಲ್ಲಿ. ಹೊಲ ಹಂಚಿದರು, ಮರ ಹಂಚಿದರು. ಬಾವಿಯ ಮಾತು ಬಂದಾಗ ಒಬ್ಬರು, "ಒಣಬಾವಿ, ಅದರಲ್ಲಿ ವಂತು ಏನು ಮಾಡೋದು ಬಿಡಿ" ಎಂದರು. ಬಾವ ಕೈ ಎತ್ತಿ ತಡೆದರು. ತಮ್ಮನ ಕಡೆ ನೋಡಲಿಲ್ಲ, ಮಕ್ಕಳ ಕಡೆ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಸಲ, ನನಗೇ ನೇರವಾಗಿ ಹೇಳಿದರು:

"ಭಾನುವಾರ ನಿಂದು ಕಣಮ್ಮ. ಅದನ್ನ ಯಾರೂ ಭಾಗ ಮಾಡಂಗಿಲ್ಲ."

ಕೂತಿದ್ದವರು ನಕ್ಕರು. ನನಗೆ ನಗಲು ಆಗಲಿಲ್ಲ.

ಬಾವ ಈಗಿಲ್ಲ. ಇಷ್ಟು ಬರೆದು ಮುಗಿಸುವ ಹೊತ್ತಿಗೆ ಪದ್ಮಳ ಫೋನು ಬಂತು. ನಿಮ್ಮ ಆಸ್ತಿ ಯಾರಿಗೆ ಏನು ಎಂದು ಈಗಲೇ ಒಂದು ಮಾತು ಹೇಳಿಡಿ ಎಂದು ಅವಳೂ ಗಿರೀಶನೂ ಕೆಲವು ದಿನದಿಂದ ಹೇಳುತ್ತಿದ್ದರು, ನಾನು ಜಾರಿಸುತ್ತಿದ್ದೆ. ಇವತ್ತು ಜಾರಿಸಲಿಲ್ಲ. "ಹೊಲ ಮನೆ ಇಬ್ಬರೂ ಸಮ ಹಂಚ್ಕೊಳ್ಳಿ. ಭಾನುವಾರ ಮಾತ್ರ ನಿನಗೆ, ನಿನ್ನ ನಂತರ ನಿನ್ನ ಮಗಳಿಗೆ" ಎಂದೆ.

ಪದ್ಮ ನಕ್ಕಳು.

"ಗಿರಿಗೆ ಬೇಜಾರಾಗಲ್ವೇನಮ್ಮ?"

"ಯಾಕೆ ಬೇಜಾರು? ಮಿಕ್ಕ ದಿನವೆಲ್ಲ ಮೊದಲಿಂದಲೂ ಅವನದೇ ಅಲ್ವೇನೇ" ಎಂದೆ.