ನಾಲ್ಕು ನೆರಳು, ಒಬ್ಬಳೇ ಹೆಂಗಸು

ಆಷಾಢದ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ಲಗ್ಗೆರೆಯ ನಮ್ಮ ಮನೆಯ ನಡುಕೋಣೆ. ಹಾಜರಿದ್ದವರು ನಾನು ಮತ್ತು ನನ್ನ ಮಗಳು. ಹತ್ತು ಗಂಟೆಗೆ ಇನ್ನೊಬ್ಬಳು ಬಂದಳು, ಅವಳ ವಿಷಯ ಆಮೇಲೆ.

ಶ್ರಾವಣದಲ್ಲಿ ನನಗೆ ಎಪ್ಪತ್ತು ತುಂಬುತ್ತದೆ. ಮಗಳು ಮಹದೇವಪುರದ ತನ್ನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಊಟ ಇಟ್ಟುಕೊಂಡಿದ್ದಾಳೆ. ಬಾಗಿಲ ಬಳಿ ನನ್ನದೊಂದು ದೊಡ್ಡ ಫೋಟೋ ನಿಲ್ಲಿಸಬೇಕಂತೆ. ಹೋದ ವಾರವೇ ಬಂದು ನನ್ನ ಬೀರುವಿನ ಹಳೆಯ ಆಲ್ಬಮ್‌ಗಳನ್ನೆಲ್ಲ ತೆಗೆದು, ಒಂದು ಚಿತ್ರವನ್ನು ಆರಿಸಿ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದಳು. ಈ ಭಾನುವಾರ ಅದನ್ನು ತಿದ್ದಿ ತಂದಿದ್ದಳು. ಹನ್ನೆರಡರೊಳಗೆ ಪ್ರಿಂಟಿಂಗ್ ಅಂಗಡಿಗೆ ಕಳಿಸಬೇಕು, ನೀನು ಹೂಂ ಅಂದರೆ ಸಾಕು ಎಂದಳು.

ಕನ್ಯಾಕುಮಾರಿಯ ಕಡಲು. ನಲವತ್ತರ ಆಸುಪಾಸಿನ ನಾನು. ನೀರು ಪಾದಕ್ಕೆ ಬಂದಿದೆ, ಸೀರೆಯ ನೆರಿಗೆ ಎತ್ತಿ ಹಿಡಿದಿದ್ದೇನೆ, ಬಾಯಿ ತೆರೆದು ನಗುತ್ತಿದ್ದೇನೆ. ಸುತ್ತ ಯಾರೂ ಇಲ್ಲ.

"ಸಕ್ಕತ್ತಾಗಿ ಬಂದಿದೆ ಅಲ್ವಾ ಅಮ್ಮ? ನೀನು ಹಿಂಗೆ ನಗ್ತಿರೋ ಫೋಟೋ ಇದೊಂದೇ ಸಿಕ್ಕಿದ್ದು."

"ಉಳಿದವರು ಎಲ್ಲಿ?"

"ತೆಗೆದ್ಬಿಟ್ಟೆ. ಬೆರಳಲ್ಲಿ ಒತ್ತಿದ್ರೆ ಸಾಕು, ಹೋಗ್ಬಿಡ್ತಾರೆ."

ನಾನು ಕನ್ನಡಕ ಹಾಕಿಕೊಂಡೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ವಿದ್ಯುತ್ ಮೀಟರುಗಳನ್ನು ತಪಾಸಣೆ ಮಾಡಿದ ಕಣ್ಣಿದು. ಮೊದಲು ಮೇಲಿನಿಂದ ಕೆಳಗೆ, ಆಮೇಲೆ ಎಡದಿಂದ ಬಲಕ್ಕೆ. ನನ್ನ ಎಡಗೈ ಗಾಳಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದು ನಿಂತಿತ್ತು. ಕೆಳಗೆ ಒದ್ದೆ ಮರಳಿನ ಮೇಲೆ ಬೆಳಗಿನ ಬಿಸಿಲಿಗೆ ಓರೆಯಾಗಿ ಬಿದ್ದ ನೆರಳುಗಳಿದ್ದವು. ಎಣಿಸಿದೆ. ನಾಲ್ಕು.

"ರಿಜೆಕ್ಟ್," ಎಂದು ಮೊಬೈಲ್ ವಾಪಸ್ ಕೊಟ್ಟೆ.

"ನೆರಳು ತಾನೇ, ಅದನ್ನೂ ತೆಗೀತೀನಿ ಬಿಡು."

"ನೆರಳು ತೆಗೆಯೋದಲ್ಲ. ಅವರನ್ನ ವಾಪಸ್ ಹಾಕು."

ಆ ಮೂವರು ಯಾರೆಂದು ಇಲ್ಲಿ ಹೇಳಬೇಕು. ಕಾರ್ಖಾನೆಯಲ್ಲಿ ನನ್ನ ಹಾಜರಿ ಟೋಕನ್ ಸಂಖ್ಯೆ ನಾನೂರ ಹದಿನಾರು. ನನ್ನ ಹಿಂದೆ ಮುಂದೆ ಸೇರಿದವರು ಹದಿನೈದು, ಹದಿನೇಳು, ಹದಿನೆಂಟು. ನಾಲ್ವರೂ ಒಂದೇ ಸಾಲಿನ ಕೆಲಸದವರು. ಆರು ಗಂಟೆಯ ಪಾಳಿಗೆ ಗೇಟಿನಲ್ಲಿ ಟೋಕನ್ ಕ್ರಮದಲ್ಲೇ ನಿಲ್ಲಬೇಕಿತ್ತು. ಒಂದು ನಿಮಿಷ ತಡವಾದರೂ ಗೇಟು ಮುಚ್ಚುತ್ತಿತ್ತು. ನಿಂತು ನಿಂತು ಅದು ಮೈಗೆ ಹತ್ತಿಬಿಟ್ಟಿತು. ಬಸ್ಸು ಹತ್ತುವಾಗ, ಹೋಟೆಲಿನಲ್ಲಿ ಕೂರುವಾಗ, ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗಲೂ ನಮಗೆ ಗೊತ್ತಿಲ್ಲದೆಯೇ ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದೂ ಆ ಸಂಖ್ಯೆಗಳಿಂದಲೇ.

ವರ್ಷಕ್ಕೊಮ್ಮೆ ಯಂತ್ರಗಳ ರಿಪೇರಿಗೆ ಕಾರ್ಖಾನೆ ಒಂದು ವಾರ ಮುಚ್ಚುತ್ತಿತ್ತು. ಆ ವಾರ ನಾವು ನಾಲ್ವರು ಹೊರಟುಬಿಡುತ್ತಿದ್ದೆವು. ಹಂಪಿ, ವಿಜಯಪುರ, ಜೋಗ, ರಾಮೇಶ್ವರ. ಗಂಡಂದಿರಿಲ್ಲದೆ, ಮಕ್ಕಳಿಲ್ಲದೆ. ಮೊದಲ ವರ್ಷ ನಮ್ಮತ್ತೆ ಹೊಸಿಲಿಗೆ ಅಡ್ಡ ಕೂತು, ಸಂಸಾರಸ್ಥೆ ಹೀಗೆ ಊರೂರು ಅಲೆಯುವುದುಂಟೇ ಎಂದರು. ನಾನು ಹಿತ್ತಲ ಬಾಗಿಲಿನಿಂದ ಹೋದೆ. ಎರಡನೆಯ ವರ್ಷವೂ ಹೋದೆ. ಮೂರನೆಯ ವರ್ಷ ಅವರೇ ದಾರಿಗೆ ಚಪಾತಿ ಕಟ್ಟಿಕೊಟ್ಟರು. ಮನಸ್ಸು ಬದಲಾಗಿ ಕೊಟ್ಟರೋ ಸಾಕಾಗಿ ಕೊಟ್ಟರೋ ನಾನು ಕೇಳಲಿಲ್ಲ.

ಕನ್ಯಾಕುಮಾರಿಯ ಕಡಲತಡಿಯ ಫೋಟೋದವನು ಎತ್ತರದವರು ಹಿಂದೆ, ಗಿಡ್ಡಗಿರುವವರು ಮುಂದೆ ಎಂದು ಕೈ ಬೀಸಿ ತಮಿಳಿನಲ್ಲಿ ಹೇಳಿಯೇ ಹೇಳಿದ. ನಾವು ಕದಲಲಿಲ್ಲ. ಅವನು ಹದಿನೆಂಟನ್ನು ಹಿಡಿದು ಮುಂದೆ ತಂದು ನಿಲ್ಲಿಸಿದ. ಅವನು ಕ್ಯಾಮೆರಾಕ್ಕೆ ಕಣ್ಣು ಹಚ್ಚುವಷ್ಟರಲ್ಲಿ ಅವಳು ಹದಿನೇಳರ ಪಕ್ಕಕ್ಕೆ ಬಂದು ನಿಂತಾಗಿತ್ತು. ಆ ಕ್ಷಣಕ್ಕೆ ಅಲೆ ಬಂತು. ನಾನು ಹದಿನೇಳರ ಮಣಿಕಟ್ಟು ಹಿಡಿದುಕೊಂಡು ನಕ್ಕೆ. ಅದೇ ಈ ನಗು.

ಇದನ್ನೆಲ್ಲ ಹೇಳಿದೆ. ಮಗಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಲ್ಲಿಗೆ ಬರೋರು ಇವರ್ಯಾರು ಅಂತ ಕೇಳ್ತಾರಮ್ಮ. ನಮ್ಮತ್ತೆ ಮನೆಯವರೆಲ್ಲ ಇರ್ತಾರೆ," ಎಂದಳು.

"ಕೇಳಲಿ. ಜೊತೆಯವರು ಅಂತ ಹೇಳು."

"ಆ ಸಲ ನಂಗೆ ಜ್ವರ ಬಂದಿತ್ತು. ಏಳು ವರ್ಷ ನಂಗೆ. ನೀನು ಅಲ್ಲಿ ನಗ್ತಿದ್ದೆ."

ವಿಷಯ ನೆರಳಿನದೂ ಅಲ್ಲ, ಅತ್ತೆ ಮನೆಯದೂ ಅಲ್ಲ ಎಂದು ಆಗ ತಿಳಿಯಿತು. ಮೂವತ್ತು ವರ್ಷ ಅವಳು ಇದನ್ನು ಬಾಯಿಬಿಟ್ಟಿರಲಿಲ್ಲ. ತಪ್ಪಾಯಿತು ಎನ್ನುವುದು ಸುಲಭವಿತ್ತು. ಅಂದಿದ್ದರೆ ಅವಳ ಮನಸ್ಸು ತಣ್ಣಗಾಗುತ್ತಿತ್ತು, ಫೋಟೋ ಅವಳು ತಿದ್ದಿದಂತೆಯೇ ಅಂಗಡಿಗೆ ಹೋಗುತ್ತಿತ್ತು.

"ಜ್ವರ ಬಂದಿತ್ತು. ನಿಮ್ಮಪ್ಪ ಇದ್ದರು. ಗಂಜಿ ಕುಡಿಸಿದರು, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಬರೋ ಹೊತ್ತಿಗೆ ನೀನು ಬೀದೀಲಿ ಕುಂಟಾಬಿಲ್ಲೆ ಆಡ್ತಿದ್ದೆ."

"ಅಷ್ಟೇನಾ?"

"ಅಷ್ಟೇ."

ಹತ್ತು ಹೊಡೆಯಿತು. ಹಾವೇರಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ಹದಿನೇಳು, ಎರಡು ಬೀದಿ ಆಚೆಯ ತನ್ನ ಮನೆಯಿಂದ ಪ್ರತಿ ಭಾನುವಾರ ಇದೇ ಹೊತ್ತಿಗೆ ಬರುತ್ತಾಳೆ. ಚಪ್ಪಲಿ ಬಿಡುತ್ತಲೇ, "ಏನವ್ವಾ ಹದಿನಾರು, ಮಗಳು ಬಂದಾಳಂತ ಚಾ ಮರ್ತಿಯೇನು?" ಎಂದಳು.

ನಾನು ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು ಅವಳ ಮುಂದೆ ಹಿಡಿದೆ. ಮಗಳ ಮುಖ ಕೆಂಪಾಯಿತು. ಹದಿನೇಳು ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ರಾಗ ನಾ ಎಲ್ಲಿ ಅದೀನಿ?"

"ನಿನ್ನ ನೆರಳು ಇದೆ ನೋಡು, ಕೆಳಗೆ."

"ಹೌದಲ್ಲ. ದೆವ್ವಕ್ಕ ನೆರಳಿರಂಗಿಲ್ಲ ಅಂತ ಕೇಳಿದ್ದೆ. ನೆರಳಿಗೇ ಮಂದಿ ಇಲ್ಲದ್ದು ಇವತ್ತ ನೋಡಿದೆ."

ಮಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕಾದ ಮೇಲೆ ಗಂಭೀರವಾಗಿ, "ಆಂಟಿ, ಅಲ್ಲಿ ಅಮ್ಮ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳಿದಳು.

"ಸುಳ್ಳ್ ಹೇಳ್ಲೇನು, ಖರೆ ಹೇಳ್ಲೇನು?"

"ನಿಜಾನೇ ಹೇಳಿ."

"ಒಮ್ಮೆನೂ ಇಲ್ಲ. ಮೂರು ದಿನಾ ಕಪ್ಪೆಚಿಪ್ಪು ಆರಿಸ್ಕೋತ ಓಡ್ಯಾಡಿದ್ಲು. ಬಸ್ಸಿಗೆ ಹೊತ್ತಾತಂತ ನಾವ ಎಳಕೊಂಡ್ ಬಂದ್ವಿ."

ಮಗಳು ನನ್ನ ಕಡೆ ನೋಡಿದಳು. ನಾನು ಅಲ್ಲಗಳೆಯಲಿಲ್ಲ, ಏಕೆಂದರೆ ಅದು ನಿಜ. ವರ್ಷದ ಉಳಿದೆಲ್ಲ ದಿನ ಮನೆ, ಪಾಳಿ, ಪಡಿತರದ ಸಾಲು, ಅವಳ ಶಾಲೆ, ಎಲ್ಲ ಗಡಿಯಾರದ ಮುಳ್ಳಿನಂತೆ ನಡೆಸಿದೆ. ಆ ಮೂರು ದಿನ ಯಾರ ತಾಯಿಯೂ ಆಗಿರಲಿಲ್ಲ. ಅದಕ್ಕೆ ಇವತ್ತೂ ಕ್ಷಮೆ ಕೇಳುವುದಿಲ್ಲ.

"ನಿಂಗೆ ಆ ನಗು ಬೇಕಿದ್ದರೆ ನಗಿಸಿದವರೂ ಬೇಕು. ಬೇಡವಾದರೆ ನನ್ನ ರೇಷನ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸು," ಎಂದೆ.

ಮಗಳು ಮೊಬೈಲಿನಲ್ಲಿ ಮೊದಲಿನ ಚಿತ್ರವನ್ನು ತೆರೆದಳು. ಹನ್ನೊಂದೂ ಕಾಲಿಗೆ, ತಿದ್ದದೆ ಇದ್ದ ಚಿತ್ರವನ್ನು ಅಂಗಡಿಗೆ ಕಳಿಸಿದಳು. ನಾಲ್ವರೂ ಹೋದರು, ಟೋಕನ್ ಕ್ರಮದಲ್ಲೇ.

"ಆದ್ರೆ ಒಂದು ಮಾತು ಅಮ್ಮ," ಎಂದಳು ಚೀಲ ಎತ್ತಿಕೊಳ್ಳುತ್ತ. "ಪ್ರತಿ ಫೋಟೋ ಹಿಂದೆ ತಾರೀಖು, ಹೊತ್ತು, ಊರು ಎಲ್ಲ ಬರೆದಿದ್ದೀಯ. ಜನ ಮಾತ್ರ ಬರೀ ನಂಬರ್. ನೀವಿಬ್ರೂ ಹೋದ್ಮೇಲೆ ಅವರು ಯಾರು ಅಂತ ಯಾರಿಗೆ ಗೊತ್ತಾಗುತ್ತೆ? ಹಂಗಿರೋದಕ್ಕೇ ನಂಗೆ ತೆಗೆಯೋದು ಸುಲಭ ಆಯ್ತು."

ಮೀಟರಿನ ತಪಾಸಣೆ ಚೀಟಿಯಂತೆ ಬರೆದಿಟ್ಟದ್ದು ನನ್ನದೇ ತಪ್ಪು. ಈ ತಪ್ಪನ್ನು ಒಪ್ಪಿಕೊಂಡೆ.

ಊಟವಾದ ಮೇಲೆ ಹದಿನೇಳೂ ನಾನೂ ಆಲ್ಬಮ್ ಹರಡಿಕೊಂಡು ಕೂತೆವು. ಅವಳು ಫೋಟೋ ಬಿಡಿಸಿ ಕೊಡುವುದು, ನಾನು ಸಂಖ್ಯೆಯ ಮುಂದೆ ಹೆಸರು ಬರೆಯುವುದು. ಹದಿನೈದು ಹುಬ್ಬಳ್ಳಿಗೆ ವಾಪಸಾದವಳು, ಅವಳ ಹೆಸರು ತಕ್ಷಣ ಬಂತು. ಹದಿನೆಂಟು ತೀರಿಕೊಂಡು ಮೂರು ವರ್ಷವಾಯಿತು. ಅವಳ ಹೆಸರಿನ ಮೊದಲರ್ಧ ಮಾತ್ರ ಇಬ್ಬರಿಗೂ ಬಾಯಿಗೆ ಬಂತು. ಇಪ್ಪತ್ತು ವರ್ಷ ಒಟ್ಟಿಗೆ ಉಂಡವರು ನಾವು. ನಾನು ಎದ್ದು ಟ್ರಂಕಿನ ತಳದಿಂದ, ಕಾರ್ಖಾನೆಯಲ್ಲಿ ಹಂಚಿದ್ದ ಹದಿನೆಂಟರ ಬೀಳ್ಕೊಡುಗೆಯ ಕಾಗದ ಹುಡುಕಿ ತಂದೆ. ಪೂರ್ತಿ ಹೆಸರು ಅದರಲ್ಲಿತ್ತು. ಎಲ್ಲ ಫೋಟೋಗಳ ಹಿಂದೆಯೂ ಅದನ್ನು ಬಿಡಿಸಿ ಬಿಡಿಸಿ ಬರೆದೆ.

ಸಂಜೆ ಐದೂ ಇಪ್ಪತ್ತಕ್ಕೆ ಕೊನೆಯ ಫೋಟೋ ಮುಗಿಯಿತು. ಪೆನ್ನಿನ ಮುಚ್ಚಳ ಹಾಕಿ, ಆಲ್ಬಮ್ ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ.