ಪ್ರಶ್ನೆ ಚಿಹ್ನೆ ಉಳಿದರೆ ವ್ಯಾನು ಹೊರಡುವುದಿಲ್ಲ

ಬೆಳಗಿನ ಐದೂಮುಕ್ಕಾಲು. ರಕ್ತನಿಧಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಫೋನು, ಯಾರೂ ಕೂರದ ಒಂದು ಕುರ್ಚಿ. ಕೂರಬೇಕಾದವರು ನಿಂತೇ ಕೀಲಿಮಣೆ ಕುಟ್ಟುತ್ತಿದ್ದಾರೆ. ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಆಜ್ಞೆ ಬರೆದು ಗುಂಡಿ ಒತ್ತುತ್ತಾರೆ. ಉದ್ದದ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಚೌಕಗಳ ಹಾಳೆಯಾಗುತ್ತದೆ. ನಡುವೆ ಎಲ್ಲೋ ಒಂದು ಪ್ರಶ್ನೆ ಚಿಹ್ನೆ.

"ವಕ್ಕರಿಸ್ತು ನೋಡಿ ಇವತ್ತಿಂದು," ಎನ್ನುತ್ತಾ ಅವರು ಫೋನಿಗೆ ಕೈಹಾಕುತ್ತಾರೆ.

ಇಲ್ಲಿ ಎಲ್ಲರ ಬಾಯಲ್ಲೂ ಇವರು ಚೌಕದಕ್ಕ. ಊರಿನ ಇಪ್ಪತ್ಮೂರು ಆಸ್ಪತ್ರೆಗಳು ತಮ್ಮಲ್ಲಿ ಯಾವ ಗುಂಪಿನ ರಕ್ತ ಎಷ್ಟು ಚೀಲ ಉಳಿದಿದೆ ಎಂದು ಬೆಳಗಾಗುವ ಮುಂಚೆ ಬರೆದು ಕಳಿಸುತ್ತವೆ. ಸಾಲಿಗೊಂದು ಆಸ್ಪತ್ರೆ, ಒಂದು ಗುಂಪು, ಒಂದು ಸಂಖ್ಯೆ. ಎಂಟು ಗುಂಪು ಸೇರಿ ನೂರ ಎಂಬತ್ನಾಲ್ಕು ಸಾಲು, ಹನುಮಂತನ ಬಾಲ. ಅಕ್ಕ ಕಂಪ್ಯೂಟರಿಗೆ ಬರೆದಿಟ್ಟ ಹನ್ನೊಂದು ಸಾಲಿನ ಆಜ್ಞೆಗಳ ಪಟ್ಟಿ, ಅಂದರೆ ಸ್ಕ್ರಿಪ್ಟು, ಅದನ್ನು ಒಂದೇ ಹಾಳೆಗೆ ತರುತ್ತದೆ: ಎಡಕ್ಕೆ ಆಸ್ಪತ್ರೆಗಳು, ಮೇಲೆ ಗುಂಪುಗಳು. ಆರೂವರೆಯ ವ್ಯಾನಿಗೆ ಚೀಲ ತುಂಬುವುದು ಆ ಹಾಳೆ ನೋಡಿಯೇ.

ಟೈಪಿಂಗ್ ಕೆಲಸಕ್ಕೆಂದು ಸೇರಿದ ಅಕ್ಕ, ವರ್ಷಗಟ್ಟಲೆ ಕೈಯಲ್ಲೇ ಚೌಕ ತುಂಬಿ ಕಣ್ಣು ಕೆಡಿಸಿಕೊಂಡವರು. ಕೆಲಸ ಬಿಟ್ಟುಹೋದ ಯಾರೋ ಮರೆತ ಪುಸ್ತಕ ನೋಡಿ ಮೊದಲ ಸ್ಕ್ರಿಪ್ಟು ಬರೆದರು. ಮೂರೇ ಸಾಲು: ಸಂಖ್ಯೆಗಳನ್ನು ಬಂದ ಹಾಗೇ ಜೋಡಿಸು, ಎಂಟಾದರೆ ಕೆಳಗಿನ ಸಾಲಿಗೆ ಹೋಗು. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಹೆರಿಗೆ ಆಸ್ಪತ್ರೆಯಲ್ಲಿ ಪಟ್ಟಿಯ ಕೊನೆಯ ಗುಂಪಾದ ಓ ನೆಗೆಟಿವ್ ಮುಗಿದಿತ್ತು. ಇಲ್ಲದ್ದನ್ನು ಬರೆಯುವುದೇನು ಎಂದು ಅಲ್ಲಿಯವರು ಆ ಸಾಲನ್ನೇ ಬಿಟ್ಟರು. ಆ ಚೌಕದಲ್ಲಿ ಮುಂದಿನ ಆಸ್ಪತ್ರೆಯ ಹದಿನಾಲ್ಕು ಬಂದು ಕೂತಿತು, ಅಲ್ಲಿಂದಾಚೆ ಎಲ್ಲವೂ ಒಂದೊಂದು ಮನೆ ಸರಿದವು. ಹಾಳೆ ಮಾತ್ರ ನೋಡಲು ಅಚ್ಚುಕಟ್ಟು.

"ಹದಿನಾಲ್ಕು ಇದೆಯಲ್ಲ ಅಂತ ವ್ಯಾನು ಆ ಬೀದಿಗೇ ತಿರುಗಲಿಲ್ಲ," ಎನ್ನುವಾಗ ಅಕ್ಕನ ಬೆರಳು ಮೇಜಿನ ಅಂಚು ಕೆರೆಯುತ್ತಿರುತ್ತದೆ. "ಆಗ ತಾನೇ ಹೆತ್ತ ಹುಡುಗಿ ನಲವತ್ತು ನಿಮಿಷ ಕಾದಳು. ಬದುಕಿದಳು, ನನ್ನ ಪುಣ್ಯ. ಆದ್ರೆ ಆ ನಲವತ್ತು ನಿಮಿಷ ನಂಗೆ ಇನ್ನೂ ಮುಗಿದಿಲ್ಲ."

ಈಗಿನ ಸ್ಕ್ರಿಪ್ಟು ಆಸ್ಪತ್ರೆಯ ಹೆಸರನ್ನೂ ಗುಂಪನ್ನೂ ನೋಡಿ ಸಂಖ್ಯೆಯನ್ನು ಅದರ ಮನೆಗೇ ಸೇರಿಸುತ್ತದೆ. ಸಾಲು ಬರದಿದ್ದರೆ ಪ್ರಶ್ನೆ ಚಿಹ್ನೆ. ಅದನ್ನು ಸೊನ್ನೆ ಮಾಡುವ ಅಧಿಕಾರ ಯಂತ್ರಕ್ಕಿಲ್ಲ. ಅಕ್ಕ ಫೋನು ಮಾಡಿ ಕಿವಿಯಾರೆ ಕೇಳಬೇಕು. ದಿನಕ್ಕೆ ಒಂದಾದರೂ ಬಂದೇ ಬರುತ್ತದೆ. ಈ ಚಟ ಮನೆಗೂ ಹತ್ತಿದೆ. "ಡಬ್ಬದಲ್ಲಿ ಬೇಳೆ ಇದೆಯಾ ಅಂತ ಆಫೀಸಿಂದ ಫೋನ್ ಮಾಡ್ತಾಳೆ," ಎಂದು ಅತ್ತೆ ನಗುತ್ತಾರೆ. "ಇದೆ ಅಂದ್ರೆ, ಮುಚ್ಚಳ ತೆಗೆದು ನೋಡಿದ್ರಾ ಅಂತ ಕೇಳ್ತಾಳೆ!"

ಆರು ಮೂವತ್ತೈದು. ಇವತ್ತಿನ ಪ್ರಶ್ನೆ ಚಿಹ್ನೆ ಇರುವುದೂ ಅದೇ ಹೆರಿಗೆ ಆಸ್ಪತ್ರೆಯ ಅದೇ ಚೌಕದಲ್ಲಿ. ನಾಲ್ಕು ಸಲ ಕರೆದರೂ ಯಾರೂ ಎತ್ತಿಲ್ಲ. ಹೊರಗೆ ವ್ಯಾನಿನ ಹಾರ್ನು ಬಡಿದುಕೊಳ್ಳುತ್ತಿದೆ.

"ಅಕ್ಕಾ, ಒಂದೇ ಚೌಕ ತಾನೇ? ಬಿಟ್ಟಾಕಿ!" ಎಂದು ಕೂಗುತ್ತಾನೆ ಚಾಲಕ.

"ನೀನು ಒಂದೇ ಚಕ್ರ ಬಿಟ್ಟು ಹೋಗ್ತೀಯೇನಪ್ಪಾ?"

ಐದನೇ ಸಲಕ್ಕೆ ಒಬ್ಬ ನರ್ಸು ಎತ್ತುತ್ತಾರೆ. ಫ್ರಿಜ್ ತೆರೆದು ನೋಡಿ ಬನ್ನಿ ಎಂದು ಅಕ್ಕ ಹಟ ಹಿಡಿಯುತ್ತಾರೆ. ಅತ್ತ ಹೆಜ್ಜೆಯ ಸದ್ದು, ಬಾಗಿಲ ಸದ್ದು. "ಒಂದೂ ಇಲ್ಲ ಮೇಡಂ!" ಅಕ್ಕ ಸೊನ್ನೆ ಒತ್ತುತ್ತಾರೆ, ಹಾಳೆ ಹೊರಬರುತ್ತದೆ, ಎರಡು ಚೀಲ ಓ ನೆಗೆಟಿವ್ ವ್ಯಾನು ಹತ್ತುತ್ತದೆ. ಹೊರಟಾಗ ಹನ್ನೊಂದು ನಿಮಿಷ ತಡ. ಆ ತಡಕ್ಕೆ ಬೈಸಿಕೊಳ್ಳುವವರೂ ಅಕ್ಕನೇ.

ಆಸೆ ಏನಾದರೂ ಇದೆಯೇ ಎಂದರೆ, ಆರಿದ ಚಹಾ ಗುಟುಕರಿಸುತ್ತಾ, ಇನ್ನೂ ನಿಂತೇ ಯೋಚಿಸುತ್ತಾರೆ.

"ಒಂದು ದಿನ, ಒಂದೇ ಒಂದು ದಿನ, ಪ್ರಶ್ನೆ ಚಿಹ್ನೆ ಇಲ್ಲದ ಹಾಳೆ ನೋಡ್ಬೇಕು," ಎಂದವರು ತಾವೇ ನಕ್ಕುಬಿಡುತ್ತಾರೆ. "ನೋಡಿದ್ರೂ ನಂಬಲ್ಲ ಬಿಡಿ. ಹೆರಿಗೆ ಆಸ್ಪತ್ರೆಗೆ ಒಂದು ಫೋನ್ ಮಾಡೇ ಮಾಡ್ತೀನಿ."