ಈರಣ್ಣ ಕಾಕಾನ ಜರ್ಮನ್ ನಾಣ್ಯ

ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಗಳನ್ನು ಉಜ್ಜಲು ಹುಣಸೆಹಣ್ಣು ನೆನೆಹಾಕಿದರೆ, ಮೆಹದಿಪಟ್ಟಣಂನ ಈ ಫ್ಲ್ಯಾಟಿನ ಅಡುಗೆಮನೆಯಲ್ಲಿ ನನಗೆ ನಿಲ್ಲಲಾಗುವುದಿಲ್ಲ. ಬಾಲ್ಕನಿಗೆ ಬಂದುಬಿಡುತ್ತೇನೆ. ಹುಳಿಯೂ ಲೋಹವೂ ಬೆರೆತ ಆ ವಾಸನೆ ಬೆರಳ ಸಂದಿಗೆ ಸೇರಿಕೊಂಡಿತೆಂದರೆ ಸಾಬೂನಿಗೂ ಜಗ್ಗುವುದಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನಾನು ತಾರ್ನಾಕದ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ ಹನ್ನೊಂದು ವರ್ಷದ ಹುಡುಗಿಯಾಗಿರುತ್ತೇನೆ.

ಯೂನಿವರ್ಸಿಟಿಯ ಗೋಡೆಗೆ ಹತ್ತಿದ ಗಲ್ಲಿಯಲ್ಲಿ ಎರಡು ಕೋಣೆ, ಒಂದು ಪಡಸಾಲೆಯ ಬಾಡಿಗೆ ಮನೆ ನಮ್ಮದು. ರಾಯಚೂರು ಕಡೆಯಿಂದ ಕೆಲಸಕ್ಕೆಂದು ಬಂದ ಅಪ್ಪ, ಅವನ ತಮ್ಮ ಈರಣ್ಣ ಕಾಕಾ, ಅವ್ವ, ನಾನು. ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ನಮ್ಮ ಮಾತು ಒಳಗೆ ಮಾತ್ರ. ಕಾಕಾ ಮದುವೆಯಾಗಿರಲಿಲ್ಲ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದ. ಅಲ್ಲಿಗೆ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬರು, ಕಾಕಾನ ಗೆರೆಗಳ ಅಚ್ಚುಕಟ್ಟು ಮೆಚ್ಚಿ, ಊರಿಗೆ ಮರಳುವಾಗ ತಮ್ಮ ಅಜ್ಜನ ಕಾಲದ ಐದು ಮಾರ್ಕಿನ ಬೆಳ್ಳಿ ನಾಣ್ಯವೊಂದನ್ನು ಅವನ ಕೈಯಲ್ಲಿಟ್ಟು ಹೋಗಿದ್ದರಂತೆ. ಒಂದು ಕಡೆ ಗಡ್ಡದ ರಾಜ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು.

ಭಾನುವಾರ ಬೆಳಿಗ್ಗೆ ತಲೆಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಾನು ಪಡಸಾಲೆಗೆ ಬರುವ ಹೊತ್ತಿಗೆ ಕಾಕಾ ಮೆತ್ತನೆಯ ಬಟ್ಟೆ ಹಾಸಿ, ಭೂತಗನ್ನಡಿ ಇಟ್ಟುಕೊಂಡು ಕಾಯುತ್ತಿರುತ್ತಿದ್ದ. ಹಳೆಯ ನಾಣ್ಯದ ದರ್ಜೆ ಹೇಗೆ ಗುರುತಿಸಬೇಕೆಂಬ ಪಾಠ ಅದು. ಅಂಚು ಹಿಡಿದು ಎತ್ತಬೇಕು. ಬೆರಳಿನ ಬೆವರು ಮುಖಕ್ಕೆ ತಾಗಬಾರದು. "ಎತ್ತರ ಇದ್ದದ್ದು ಮೊದಲ ಸವೀತೈತಿ, ಯವ್ವಾ. ರಾಜನ ಕಿವಿ ಮ್ಯಾಲಿನ ಕೂದಲಾ ನೋಡು, ಎಳಿ ಎಳಿ ಕಾಣ್ತಾವೇನು? ಹದ್ದಿನ ಎದಿ ಮ್ಯಾಲಿನ ಪುಕ್ಕ ನೋಡು." ಎಳೆ ಉಳಿದಿದ್ದರೆ ಎಕ್ಸ್‌ಟ್ರಾ ಫೈನ್, ಅಲ್ಲಲ್ಲಿ ಮಂಕಾಗಿದ್ದರೆ ವೆರಿ ಫೈನ್, ಬರೀ ಆಕಾರವಷ್ಟೇ ಉಳಿದಿದ್ದರೆ ಬರೀ ಫೈನ್. ಅಕ್ಷರಗಳ ಸುತ್ತ ಕೂತ ಕಪ್ಪನ್ನು ಮಾತ್ರ ಎಂದೂ ಮುಟ್ಟಬಾರದು. ಉಜ್ಜಿದ ನಾಣ್ಯಕ್ಕೆ ದರ್ಜೆಯೇ ಇಲ್ಲ. ಇದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದನೋ.

ಆ ಪಾಠ ನನಗೇಕೆ ಎಂಬುದು ತಿಳಿದದ್ದು ತಡವಾಗಿ. ಕಾಕಾನ ಕಣ್ಣಿನ ನರ ಒಣಗುತ್ತಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದದ್ದೂ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಾರ್ಖಾನೆಯ ಕೆಲಸ ಬಿಡಬೇಕಾಯಿತು. ಬರಬರುತ್ತ ನಾನು ನೋಡಿ ಹೇಳುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕಣ್ಣು ಚೆನ್ನಾಗಿದ್ದಾಗ ಆ ನಾಣ್ಯ ಎಕ್ಸ್‌ಟ್ರಾ ಫೈನ್ ಎಂದು ಅವನೇ ತೀರ್ಮಾನಿಸಿದ್ದ. ಅದನ್ನು ಬಲ್ಲವರೊಬ್ಬರ ಬಾಯಲ್ಲಿ ಕೇಳಬೇಕೆಂಬುದು ಅವನ ಆಸೆ. ಗಲ್ಲಿಯ ಕೊನೆಯಲ್ಲಿದ್ದ, ಇತಿಹಾಸ ಪಾಠ ಹೇಳಿ ನಿವೃತ್ತರಾದ ರಾವ್ ಸಾರ್ ಒಂದು ಭಾನುವಾರ ಬರಲು ಒಪ್ಪಿದರು. "ನನ್ನ ಕಣ್ಣು ಖರೇನ ನೋಡಿದ್ವು ಅಂತ ಒಂದ್ಸಲ ಗೊತ್ತಾಗ್ಲಿ, ವೈನಿ" ಎಂದು ಅವ್ವನಿಗೆ ಹೇಳಿದ.

ರಾವ್ ಸಾರ್ ಬರುವ ಹಿಂದಿನ ದಿನ ಮಧ್ಯಾಹ್ನ ಅವನು ನಾಣ್ಯವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ಹೊರಳಿಸಿದ. "ಏನೂ ಕಾಣವಲ್ದು ಸುಮಿ. ಬರೇ ಕಪ್ಪು" ಎಂದು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದ. ಅವನ ಬೆನ್ನು ಗೋಡೆಯ ಕಡೆ ತಿರುಗಿದ್ದನ್ನು ನೋಡಲು ನನಗಾಗಲಿಲ್ಲ. ಹುಣಸೆಹಣ್ಣು, ಹಲ್ಲುಪುಡಿ, ತೆಂಗಿನ ನಾರು ತೆಗೆದುಕೊಂಡು ಹಿತ್ತಲಿಗೆ ಹೋದೆ. ಮುಟ್ಟಬಾರದೆಂದು ಗೊತ್ತಿತ್ತು. ಗೊತ್ತಿದ್ದೇ ಉಜ್ಜಿದೆ, ತೋಳು ಸೋಲುವವರೆಗೆ ಉಜ್ಜಿದೆ. ಬಿಸಿಲಲ್ಲಿ ಅದು ಕಣ್ಣು ಕುಕ್ಕುವಂತಾದಾಗ ಕಾಕಾನನ್ನು ಎಬ್ಬಿಸಿ ಕರೆತಂದೆ.

"ಕಾಣ್ತು!" ಎಂದ ಅವನು. "ಬೆಳಕು ಕಾಣ್ತು, ಸುಮಿ!" ಅವನ ಮುಖ ಅಷ್ಟು ಅರಳಿದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಆಮೇಲೆ ಅವನ ಹೆಬ್ಬೆರಳು ರಾಜನ ಕೂದಲ ಮೇಲೆ ಮೆಲ್ಲಗೆ ಸರಿಯಿತು, ಮತ್ತೊಮ್ಮೆ ಸರಿಯಿತು. ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ. ಕೈಯನ್ನು ಮೆತ್ತಗೆ ಬಿಟ್ಟ.

ಮರುದಿನ ರಾವ್ ಸಾರ್ ಭೂತಗನ್ನಡಿ ಹಿಡಿದವರೇ "ಅರೆರೇ, ದೀನ್ನಿ ಎವರು ರುದ್ದಾರಂಡಿ?" ಎಂದರು. ಯಾರು ಉಜ್ಜಿದ್ದೆಂದು ಕೇಳುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಅವ್ವನ ಸೆರಗು ಹಿಡಿದು ನಿಂತಿದ್ದೆ. "ಮೈಂಚ್ ಘಿಸಾ ಸಾಬ್," ಎಂದ ಕಾಕಾ, ನಾನೇ ಉಜ್ಜಿದೆ ಎಂದು. ತುಂಬ ಗೀರುಗಳೆದ್ದಿವೆ, ಮೊದಲು ಏನಿತ್ತೋ ಈಗ ಹೇಳಲಾಗುವುದಿಲ್ಲ, ಇದಕ್ಕೆ ದರ್ಜೆ ಬರೆಯಲಾರೆ ಎಂದು ರಾವ್ ಸಾರ್ ನಾಣ್ಯ ಕೆಳಗಿಟ್ಟರು. ಕಾಕಾ ಅವರಿಗೆ ಚಹಾ ಕುಡಿಸಿ, ಗೋಡೆ ಹಿಡಿದುಕೊಂಡು ಗೇಟಿನವರೆಗೂ ಹೋಗಿ ಕಳಿಸಿಬಂದ.

ಅವನು ನನ್ನನ್ನು ಬೈದಿದ್ದರೆ ಎಂದು ಈಗಲೂ ಅನಿಸುತ್ತದೆ. ಬೈಯಲಿಲ್ಲ, ಆದರೆ ಮುಂದಿನ ಭಾನುವಾರ ಬಟ್ಟೆ ಹಾಸಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ವರ್ಷ ತಿರುಗುವಷ್ಟರಲ್ಲಿ ಬೆಳಕೂ ಹೋಯಿತು. ನಾನು ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವನ ಮಂಚದ ತನಕ ಹೋಗಿ, ನೀರು ಬೇಕೇನು ಎಂದಷ್ಟೇ ಕೇಳಿ ಮರಳಿದೆ.

ಅಪ್ಪ ಹೋದ, ಅವ್ವ ಹೋದಳು. ಆ ಮನೆ ಬಿದ್ದು ಅಲ್ಲೀಗ ಐದಂತಸ್ತಿನ ಕಟ್ಟಡವಿದೆ. ನಮ್ಮ ಮಾತು ಆಡುವವರು ನನಗೆ ಈ ಊರಲ್ಲಿ ಉಳಿದಿಲ್ಲ. ನಿಮಗೂ ಹೀಗೆ ಮಾತಾಡಲು ಯಾರೂ ಉಳಿಯದಿದ್ದರೆ ಅದು ಎಂಥದ್ದೆಂದು ನಾನು ವಿವರಿಸಬೇಕಿಲ್ಲ. ಕಾಕಾನ ಕೊನೆಯ ದಿನಗಳಲ್ಲಿ, ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು, ಅವನು ಒಮ್ಮೆ ಕೇಳಿದ: "ಸುಮಿ, ಈಗ ನೀ ನೋಡಾಕ ಹೆಂಗದಿ?"

ಅವನ ಪಾಲಿಗೆ ನಾನು ಹನ್ನೆರಡು ದಾಟಿಯೇ ಇರಲಿಲ್ಲ. "ಅವ್ವನಂಗ" ಎಂದೆ.

ಅವನು ತಲೆಯಾಡಿಸಿದ. ಆಮೇಲೆ ನಾವಿಬ್ಬರೂ ಕೂತು, ಅವ್ವ ಹೇಗಿದ್ದಳೆಂದು ನೆನಪಿಸಿಕೊಳ್ಳಲು ನೋಡಿದೆವು.